ಭರಣಿಯೊಳಗಿನ ಹತ್ತಿ

ತರಗತಿ ನೋಡಲು ಬಂದಿದ್ದ ಹತ್ತಿ ದಲಾಲ ಮೌಲಾಅಲಿ ಗಾಜಿನ ಭರಣಿಯ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಗುರುಲಿಂಗಪ್ಪ ಮಾಸ್ತರರು ಕುರ್ಚಿಯಿಂದ ಎದ್ದು ನಿಂತರು. ಹತ್ತಿ ವ್ಯಾಪಾರ ಕಲಿಸುವ ಗೋಕಾಕದ ಆ ತರಗತಿಯ ಪರೀಕ್ಷೆಗೆ ಭರಣಿಯಲ್ಲಿ ಹತ್ತಿ ಇಟ್ಟವರು ಅವರೇ. ಹೊರಗಿನಿಂದಲೇ ನೋಡಿ 'ಒಂದನೇ ದರ್ಜೆ' ಎಂದು ಬರೆದವರೆಲ್ಲ ಪಾಸಾಗಿದ್ದರು. 'ಮುಟ್ಟದೆ ಹೇಳಲಾರೆ' ಎಂದು ಬರೆದಿದ್ದ ಮಸಗುಪ್ಪಿಯ ಲಕ್ಕಪ್ಪನ ಹೆಸರಿನ ಮುಂದೆ ಮಾತ್ರ ಕರಿಹಲಗೆಯ ಮೇಲೆ ದೊಡ್ಡ ಸೊನ್ನೆ.

ಮೌಲಾಅಲಿ ಹತ್ತಿಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. "ನೀರು ಹೊಡದಾರ್ರಿ ಮಾಸ್ತರ, ತೂಕ ಬರಲಿ ಅಂತ."

"ಪುಸ್ತಕದ ಪ್ರಕಾರ ಒಂದನೇ ದರ್ಜೇನ ಐತ್ರಿ," ಎಂದರು ಮಾಸ್ತರರು.

"ಪುಸ್ತಕಕ್ಕ ಗಲ್ಲ ಎಲ್ಲೈತ್ರಿ?"

ಮಾಸ್ತರರು ಹತ್ತಿಯನ್ನು ತಮ್ಮ ಕೆನ್ನೆಗೂ ಒತ್ತಿಕೊಂಡರು. ತಣ್ಣಗಿತ್ತು. ಕರಿಹಲಗೆಯತ್ತ ತಿರುಗಿ ಲಕ್ಕಪ್ಪನ ಹೆಸರನ್ನಷ್ಟೇ ಅಳಿಸಿದರು. ಸೊನ್ನೆಯನ್ನು ಹಾಗೆಯೇ ಬಿಟ್ಟು, ಅದರ ಹಿಂದೆ ಖಾಲಿಯಾದ ಜಾಗದಲ್ಲಿ ತಮ್ಮ ಹೆಸರು ಬರೆದರು.