ಕೃತಕ ಕಾಲಿನ ತೂತು

ಓಟದ ಅಭ್ಯಾಸ ಮಾಡುತ್ತಿದ್ದಾಗಲೇ ಶಾಂಭವಿಯ ಕಾರ್ಬನ್ ಫೈಬರಿನ ಕೃತಕ ಕಾಲು ಲಟಕ್ಕನೆ ಮುರಿಯಿತು. ಬಿದ್ದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟಾಗಿ, ಇನ್ನವಳು ಎದ್ದು ಕೂರುವುದೂ ಸಂಶಯ ಎಂದರು ವೈದ್ಯರು. ಕಾಲು ಮಾಡಿಕೊಟ್ಟಿದ್ದ ಫೆಲಿಕ್ಸ್ ಆಸ್ಪತ್ರೆಗೆ ಓಡಿಬಂದ. ಆಗಾಗ ಅದನ್ನು ತಟ್ಟಿ, ಸದ್ದು ಕೇಳಿ, ಗಟ್ಟಿಯಾಗಿದೆ ಎನ್ನುತ್ತಿದ್ದವನು ಅವನೇ. ತನ್ನ ಕಿವಿಯೇ ಮೋಸ ಮಾಡಿತೇ ಎಂದುಕೊಳ್ಳುತ್ತ ಮುರಿದ ತುಂಡನ್ನು ಬೆಳಕಿಗೆ ಹಿಡಿದ. ಮುರಿದ ಅಂಚಿನಲ್ಲಿ ಸಣ್ಣದೊಂದು ತೂತಿತ್ತು.

"ಹೋದ ಸಲ ನೋಡ್ದಾಗ ಇದು ಇರ್ಲಿಲ್ಲ. ಯಾರಮ್ಮ ಕೊರೆದಿದ್ದು?" ಎಂದು ಶಾಂಭವಿಯ ತಾಯಿಯನ್ನು ಕೇಳಿದ. "ಬಿರುಕು ಹುಟ್ಟಿರೋದು ಇಲ್ಲೇ. ಒಂದೊಂದು ಹೆಜ್ಜೆಗೂ ಒಳಗೊಳಗೇ ಬೆಳ್ದಿದೆ."

ಆಕೆ ಆ ತುಂಡನ್ನು ಕೈಗೆ ತೆಗೆದುಕೊಂಡು ತೂತಿನ ಮೇಲೆ ಬೆರಳಾಡಿಸಿದಳು.

"ನಾನೇ ಕೊರೆಸ್ದೆ ಸಾರ್," ಎಂದಳು. "ಮಗು ಎಲ್ಲೂ ಬೀಳ್ದೆ ಇರ್ಲಿ ಅಂತ, ತಾಯ್ತ ಕಟ್ಟೋಕೆ."