ಕಲ್ಲಿನ ಮೇಲಿನ ಮಳೆ

"ಬಾರಮ್ಮ ಕಲ್ಲು ಮೇಡಂ, ನಿನ್ನ ಮುಖ ನೀನೇ ನೋಡ್ಕೋ," ಎಂದು ಅಣ್ಣ ಗೋಣಿತಾಟನ್ನು ಸರಕ್ಕನೆ ಎಳೆದ. ಪಾಲಿಶ್ ಶೆಡ್ಡಿನ ಮೇಜಿನ ಮೇಲೆ ಕಲ್ಲು ಕನ್ನಡಿಯಂತೆ ಹೊಳೆಯಿತು. ಗಿರಾಕಿಗಳ ಅಡುಗೆಕಟ್ಟೆ, ಸಮಾಧಿಕಲ್ಲು ಎಲ್ಲವನ್ನೂ ಬದಿಗೊತ್ತಿ, ಊಟಕ್ಕೂ ಏಳದೆ ಉಜ್ಜಿದ್ದ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವ ತಂಗಿ ಬಾಯಿಬಿಟ್ಟು ಕೇಳಿದ ಕೆಲಸ ಇದೊಂದೇ. ಅದರಲ್ಲೂ ಕೈ ಬಿಗಿ ಹಿಡಿಯಲಾದೀತೇ?

ತಂಗಿ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಹತ್ತಿರ ಬಂದು, ಕತ್ತಲಲ್ಲಿ ತಡಕುವವಳ ಹಾಗೆ ಅಂಗೈಯಿಂದ ಕಲ್ಲನ್ನು ಸವರಿದಳು.

"ಗುಳಿಗಳಿದ್ದವಲ್ಲ ಅಣ್ಣ. ಮೇಲೆಲ್ಲ ಸಣ್ಣ ಸಣ್ಣ ಗುಳಿ."

"ಸಿಡುಬು ಬಂದ ಮುಖದ ಥರ ಇತ್ತು. ಒಂದೂ ಉಳಿಸಿಲ್ಲ ನೋಡು. ನೀನೇ ತಾನೆ ಕ್ಲೀನ್ ಮಾಡಿಡು ಅಂದಿದ್ದು?"

"ಮಣ್ಣು ತೊಳೆದಿಡು ಅನ್ನೋ ಅರ್ಥದಲ್ಲಿ ಅಂದೆ."

ಅಣ್ಣನ ನಗು ಅರ್ಧಕ್ಕೇ ನಿಂತಿತು. ಈ ಶೆಡ್ಡಿನಲ್ಲಿ ತೊಳೆಯುವುದಕ್ಕೆ ತೊಳೆಯುವುದು ಅಂತಲೇ ಅನ್ನುತ್ತಾರೆ. ಕ್ಲೀನ್ ಅಂದರೆ ಮಷಿನ್ ಹಾಕಿ ನುಣ್ಣಗೆ ಮಾಡುವುದು. ಹೊಟ್ಟೆಗೆ ಅನ್ನ ಹಾಕಿದ ಆ ಮಾತಿಗೆ ಬೇರೊಂದು ಅರ್ಥವಿದ್ದೀತೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಹೋಗ್ಲಿ ಬಿಡು, ಗುಡ್ಡದಿಂದ ಇನ್ನೊಂದು ತುಂಡು ತಂದ್ರಾಯ್ತು."

"ಹೊರಗೆ ಕಾಣ್ತಿದ್ದ ಪದರ ಪೂರ್ತಿ ಕ್ವಾರಿಯವರ ಕೈಲಿ ಜಲ್ಲಿ ಆಯ್ತು ಅಣ್ಣ. ಇದೊಂದೇ ಸಿಕ್ಕಿದ್ದು. ನಾಳೆ ಅಧಿಕಾರಿಗಳಿಗೆ ತೋರಿಸಿದ್ರೆ ಉಳಿದ ಗುಡ್ಡಾನಾದ್ರೂ ಬಿಡ್ತಿದ್ರು. ಫೋಟೊ ಬೇಡ, ಕಲ್ಲೇ ತನ್ನಿ ಅಂದಿದ್ರು. ಇನ್ನು ಒಳಗಿರೋದು ಕಣ್ಣಿಗೆ ಬೀಳೋದು ಸಿಡಿಮದ್ದು ಇಟ್ಟ ಮೇಲೇನೇ."

"ಅಂಥದ್ದೇನಿತ್ತಮ್ಮ ಇದರಲ್ಲಿ?"

"ಮಳೆ. ಭೂಮಿ ಮೇಲೆ ಒಂದು ಹುಲ್ಲುಕಡ್ಡೀನೂ ಇಲ್ಲದಾಗ ಹಸಿ ಕೆಸರಿಗೆ ಬಿದ್ದ ಮಳೆ. ಆ ಹನಿಗಳ ಗುರುತು ಹಾಗ್‌ಹಾಗೇ ಕಲ್ಲಾಗಿತ್ತು."

ಅಣ್ಣ ಮಷಿನಿನ ಬುಡದ ಚರಂಡಿಯ ಬಳಿ ಕುಕ್ಕರಿಸಿದ. ತೇದುಹೋದ ಕಲ್ಲು ಅಲ್ಲಿ ಬೂದುಬಣ್ಣದ ಕೆಸರಾಗಿ ಕೂತಿತ್ತು. ಏನು ಮಾಡಬೇಕೆಂದು ತೋಚದೆ ಒಂದು ಹಿಡಿ ಬಾಚಿಕೊಂಡು, ತಂಗಿಯತ್ತ ಅಂಗೈ ಚಾಚಿದ. ಮೇಲಿನ ಪೈಪಿನಿಂದ ಹನಿಯೊಂದು ತೊಟ್ಟಿಕ್ಕಿತು. ಕೆಸರಿನಲ್ಲಿ ಸಣ್ಣದೊಂದು ಗುಳಿ ಬಿತ್ತು, ಸುತ್ತ ತೆಳ್ಳನೆಯ ಅಂಚು. ಬೆಳಿಗ್ಗೆಯಿಂದ ಅವನು ಉಜ್ಜಿ ಉಜ್ಜಿ ತೆಗೆದದ್ದು ಇದನ್ನೇ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಹನಿ ಅದರ ಮೇಲೆಯೇ ಬಿತ್ತು.