ತಲೆ, ಗಡ್ಡ, ಮೀಸೆ

"ತಲೆ, ಗಡ್ಡ, ಮೀಸೆ. ಮೂರನ್ನೂ ನುಣ್ಣಗೆ ತೆಗಿ. ಮೈ ಕೂದಲು ಮುಟ್ಟಬೇಡ," ಎಂದರು ಲಕ್ಷ್ಮೀದೇವಮ್ಮ.

ವೇಣುವಿನ ಕತ್ತರಿ ಅಲ್ಲೇ ನಿಂತಿತು. ಬಸವನಗುಡಿಯ ಆ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಗುಂಡ ಕೂತಿತ್ತು. ಕಣ್ಣು ಮುಚ್ಚುವಷ್ಟು ಕೂದಲಿನ, ಎದೆಗಿಳಿದ ಗಡ್ಡದ ಪುಟ್ಟ ನಾಯಿ. ಎರಡು ತಿಂಗಳಿಗೊಮ್ಮೆ ಮನೆಗೇ ಬಂದು ಅದರ ಕೂದಲು ತಿದ್ದುವುದು ವೇಣುವಿನ ಕೆಲಸ.

"ತಲೆ ಮಾತ್ರ ಬೋಳಿಸಿದ್ರೆ ಇದು ನಾಯಿ ಥರ ಕಾಣುತ್ತೇನಮ್ಮಾ? ಬೀದಿಯೋರೆಲ್ಲ ನಗ್ತಾರೆ."

"ನಗಲಿ."

ವೇಣುವಿಗೆ ಮೈ ಉರಿಯಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ತಮ್ಮ ನಾಯಿ ಕೊಡಲು ಯಾರೂ ಒಪ್ಪದಿದ್ದಾಗ, ಈ ಮನೆಯ ಯಜಮಾನರು ದೊಡ್ಡಬೈರಪ್ಪ ಗುಂಡನನ್ನು ತೊಡೆಯ ಮೇಲೆ ಹಿಡಿದು ಕೂತಿದ್ದರು. ಅವರದು ಒಂದೇ ಷರತ್ತು. "ಮಷಿನ್ ಮುಟ್ಟಿಸಬೇಡ ಕಣೋ, ಹೆದರ್ತಾನೆ." ವೇಣು ಮಾತು ಕೊಟ್ಟಿದ್ದ. ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

"ಯಜಮಾನ್ರು ಇದಕ್ಕೆ ಒಪ್ತಾರಾ?"

"ಅವರಿಗೋಸ್ಕರಾನೇ ಮಾಡಿಸ್ತಿರೋದು. ಬೇಗ ಆಗ್ಲಿ, ಹನ್ನೊಂದಕ್ಕೆ ಕಾರು ಬರುತ್ತೆ."

ಮಗ ಗೌರೀಶ್ ಹಿತ್ತಲ ಬಾಗಿಲಿಗೆ ಬಂದ. ಜೆಲ್ ಹಚ್ಚಿ ನಿಲ್ಲಿಸಿದ ಕೂದಲು, ಗೆರೆ ಕೊರೆದಂತೆ ತಿದ್ದಿದ ಗಡ್ಡ.

"ಬೇಡಮ್ಮ. ಬಂದೋರೆಲ್ಲ ಫೋಟೋ ತೆಗೀತಾರೆ."

"ತೆಗೀಲಿ ಬಿಡು. ಅದಕ್ಕೇ ಕರ್ಕೊಂಡು ಹೋಗ್ತಿರೋದು."

ಫೋಟೋಗಾ! ಬಾಯಿಲ್ಲದ ಪ್ರಾಣಿಯನ್ನು ಕೋಡಂಗಿ ಮಾಡಿ ನಾಲ್ಕು ಜನರ ಮುಂದೆ ಮೆರೆಸುವುದಕ್ಕಾ! ವೇಣು ಕತ್ತರಿಯನ್ನು ಕಲ್ಲಿಗೆ ಕುಕ್ಕಿದ.

"ನಿಮ್ಮನೆ ಶೋಕಿಗೆ ನೀವೇ ಬೋಳಿಸ್ಕೊಳ್ಳಿ ಸಾರ್! ಈ ಪಾಪದ್ದು ಯಾಕೆ?"

ಗೌರೀಶ್ ಮುಖ ಕಪ್ಪಿಟ್ಟಿತು. ನೆಲ ನೋಡಿದ.

"ನೀನು ಮಾಡಲ್ಲ ಅಂದ್ರೆ ನಾನೇ ಬ್ಲೇಡ್ ಹಿಡೀತೀನಿ," ಎಂದರು ಲಕ್ಷ್ಮೀದೇವಮ್ಮ. ಅವರ ಕೈ ಗಡಗಡ ನಡುಗುತ್ತಿತ್ತು. ಆ ಕೈಗೆ ಬ್ಲೇಡ್ ಸಿಕ್ಕರೆ ನಾಯಿಯ ಕಿವಿ ಉಳಿಯುವುದಿಲ್ಲ.

ವೇಣು ಹಲ್ಲು ಕಚ್ಚಿ ಮಷಿನ್ ಹಚ್ಚಿದ. ಗುಂಡ ನಡುಗಿತು, ಕುಂಯ್ ಎಂದಿತು. ಯಜಮಾನರಿಗೆ ಇನ್ನು ಹೇಗೆ ಮುಖ ತೋರಿಸುವುದು? ತಲೆ ಹೋಯಿತು, ಗಡ್ಡ ಹೋಯಿತು, ಮೀಸೆಯೂ ಹೋಯಿತು.

"ಇನ್ಮೇಲೆ ಈ ಮನೆ ಮೆಟ್ಟಿಲು ಹತ್ತಲ್ಲ. ಯಜಮಾನ್ರನ್ನ ಕರೀರಿ, ಅವರಿಗೇ ಹೇಳಿ ಹೋಗ್ತೀನಿ."

ಲಕ್ಷ್ಮೀದೇವಮ್ಮ ಗುಂಡನ ಬೋಳುತಲೆಯನ್ನು ಸೆರಗಿನಿಂದ ಒರೆಸಿ ಎತ್ತಿಕೊಂಡರು. ಮಗನ ಕೂದಲನ್ನೇ ನೋಡುತ್ತಾ ಹೇಳಿದರು:

"ಇವತ್ತು ಅವರ ಹನ್ನೊಂದನೇ ದಿನದ ತಿಥಿ ಕಣಪ್ಪ. ಅವರು ಸಾಕಿದ್ದು ಇಬ್ಬರನ್ನ. ಒಬ್ಬನಾದ್ರೂ ತಲೆ ಕೊಟ್ಟ."